ಊರ ರಸ್ತೆ ರಿಪೇರಿಗೆ ದುಡ್ಡು ಹಾಕಬೇಕಾದವರು ಯಾರು? ಅದನ್ನು ಕೇಳಿ ಪಡೆಯುವುದು ಹೇಗೆ?

"ನಮ್ಮೂರ ರಸ್ತೆ ಹಾಳಾಗಿ ಎರಡು ಮಳೆಗಾಲ ಆಯ್ತು. ಪಂಚಾಯಿತಿಗೆ ಹೋದ್ರೆ ಅದು ಪಿಡಬ್ಲ್ಯೂಡಿ ರಸ್ತೆ ಅಂತಾರೆ, ಪಿಡಬ್ಲ್ಯೂಡಿಗೆ ಹೋದ್ರೆ ಜಿಲ್ಲಾ ಪಂಚಾಯಿತಿ ಕೇಳಿ ಅಂತಾರೆ. ಯಾರ ಹತ್ರ ಹೋಗೋದು?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಕರ್ನಾಟಕದ ಹಳ್ಳಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪಟ್ಟಣದವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ರಸ್ತೆ ರಿಪೇರಿ ಯಾರೋ ನಮಗೆ ಮಾಡಿಕೊಡುವ ಉಪಕಾರ ಅಲ್ಲ. ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕೆಲಸಗಳ ಪಟ್ಟಿಯಲ್ಲೇ ಅದು ಇದೆ. ಆದರೆ "ರಸ್ತೆ ಸರಿ ಮಾಡಿ" ಎಂದಷ್ಟೇ ಕೇಳಿದರೆ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತದೆ. ರಸ್ತೆ ಯಾರದ್ದು, ದುಡ್ಡು ಯಾವ ಲೆಕ್ಕದಿಂದ ಬರಬೇಕು ಎಂಬ ಎರಡೂ ಅರ್ಜಿಯಲ್ಲೇ ಇದ್ದರೆ ಅದನ್ನು ಪಕ್ಕಕ್ಕೆ ತಳ್ಳುವುದು ಕಷ್ಟ. ಈ ಲೇಖನದ ಬಹುಪಾಲು ಆ ಎರಡು ವಿಷಯಗಳ ಮೇಲೆಯೇ ನಿಂತಿದೆ.

ಕಾನೂನಿನಲ್ಲಿ ಏನಿದೆ

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಜೊತೆ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ರಸ್ತೆ, ಮೋರಿ, ಸೇತುವೆ ಅದರಲ್ಲಿ 13ನೆಯದು. ಅದೇ ವರ್ಷ ಬಂದ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಗ್ರಾಮ ಪಂಚಾಯಿತಿಯ ಕಡ್ಡಾಯ ಕೆಲಸಗಳನ್ನು ಹೇಳುತ್ತದೆ. ನೀರು, ಚರಂಡಿ, ಬೀದಿ ದೀಪಗಳ ಜೊತೆಗೆ ಸಾರ್ವಜನಿಕ ಬೀದಿಗಳ ನಿರ್ಮಾಣ, ದುರಸ್ತಿ ಮತ್ತು ನಿರ್ವಹಣೆ ಆ ಪಟ್ಟಿಯಲ್ಲಿದೆ. ಬೀದಿಯ ಒತ್ತುವರಿ ತೆರವು ಮಾಡುವುದೂ ಇದೆ.

ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಕಾಯ್ದೆಯ 87ನೇ ಪ್ರಕರಣ ಇದನ್ನೇ ಹೇಳುತ್ತದೆ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆಯ 58ನೇ ಪ್ರಕರಣ. ಬೆಂಗಳೂರಿಗೆ ಈಗ ಪ್ರತ್ಯೇಕ ಕಾಯ್ದೆ ಇದೆ. 2025ರ ಸೆಪ್ಟೆಂಬರ್‌ನಿಂದ ಅಲ್ಲಿ ಐದು ನಗರ ಪಾಲಿಕೆಗಳಿರುವುದರಿಂದ ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ.

ನ್ಯಾಯಾಲಯದ ಬೆಂಬಲವೂ ಇದೆ. ಬೆಂಗಳೂರಿನ ರಸ್ತೆ ಗುಂಡಿಗಳ ಬಗ್ಗೆ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ 2019ರಲ್ಲಿ ಕರ್ನಾಟಕ ಹೈಕೋರ್ಟ್, ಓಡಾಡಲು ಯೋಗ್ಯವಾದ ರಸ್ತೆ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಹೇಳಿತು.

ಕೈಯಲ್ಲಿ ಇರಬೇಕಾದದ್ದು

ಜಾಸ್ತಿ ಏನೂ ಬೇಡ. ರಸ್ತೆಯ ನಾಲ್ಕೈದು ಫೋಟೊ, ಅದರಲ್ಲಿ ಒಂದಾದರೂ ಗುರುತು ಹಿಡಿಯುವಂತೆ ಶಾಲೆ, ಗುಡಿ, ಟ್ಯಾಂಕು, ಇಂಥ ಏನನ್ನಾದರೂ ಸೇರಿಸಿ ತೆಗೆದದ್ದು. ರಸ್ತೆ ಎಲ್ಲಿಂದ ಎಲ್ಲಿಯವರೆಗೆ ಹಾಳಾಗಿದೆ ಎಂಬ ಅಂದಾಜು ಉದ್ದ. ಮನೆಗಂದಾಯ ಕಟ್ಟಿದ ರಸೀದಿ. ಇದು ಕಡ್ಡಾಯ ಅಲ್ಲ, ಆದರೆ "ಕಂದಾಯ ಕಟ್ಟಿದ್ದೀರಾ?" ಎಂದು ಮಾತು ತಿರುಗಿಸುವವರಿಗೆ ಉತ್ತರ ಆಗುತ್ತದೆ. ಮತ್ತೆ ಒಂದು ಫೈಲು. ಕೊಟ್ಟ ಪ್ರತಿ ಕಾಗದದ ನಕಲೂ ಅದರಲ್ಲಿ ಇರಲಿ.

ಹಂತ 1: ರಸ್ತೆ ಯಾರದ್ದು ಎಂದು ಪತ್ತೆ ಮಾಡಿ

ಬಹಳ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ. ಸ್ಥೂಲವಾಗಿ ಹೀಗಿದೆ:

- ರಾಷ್ಟ್ರೀಯ ಹೆದ್ದಾರಿ: ಕೇಂದ್ರದ ಹೆದ್ದಾರಿ ಪ್ರಾಧಿಕಾರ, ಅಥವಾ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ.
- ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ: ಲೋಕೋಪಯೋಗಿ ಇಲಾಖೆ, ಅಂದರೆ ಪಿಡಬ್ಲ್ಯೂಡಿ.
- ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆ: ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಜನ ಇದನ್ನೇ "ಜಿಲ್ಲಾ ಪಂಚಾಯಿತಿ ರಸ್ತೆ" ಎನ್ನುವುದು.
- ಊರೊಳಗಿನ ಕೇರಿ, ಬೀದಿ, ಓಣಿ: ಗ್ರಾಮ ಪಂಚಾಯಿತಿ.

ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ಒಂದು ಸುಳಿವು. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ಬಣ್ಣ ಮಾಸಿದ್ದರೆ, ಕಲ್ಲೇ ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಆಸ್ತಿ ವಹಿ ತೋರಿಸಲು ಕೇಳಿ. ಪಂಚಾಯಿತಿಗೆ ಸೇರಿದ ಕಟ್ಟಡ, ಕೆರೆಕಟ್ಟೆ, ರಸ್ತೆಗಳನ್ನು ಬರೆದಿಡುವ ಪುಸ್ತಕ ಅದು. ಅದರಲ್ಲಿ ನಿಮ್ಮ ಬೀದಿ ಇದ್ದರೆ ವಾದ ಅಲ್ಲಿಗೇ ಮುಗಿಯಿತು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಹೊಲಕ್ಕೆ ಹೋಗುವ ದಾರಿ. ಅದು ಹಳೆಯ ಗ್ರಾಮ ನಕಾಶೆಯಲ್ಲಿ ಇದ್ದರೆ "ನಕಾಶೆ ಕಂಡ ದಾರಿ". ಅದನ್ನು ಯಾರಾದರೂ ಮುಚ್ಚಿದ್ದರೆ ಮೊದಲು ಹೋಗಬೇಕಾದದ್ದು ತಹಸೀಲ್ದಾರರ ಬಳಿ. ನಕಾಶೆಯಲ್ಲಿ ಇಲ್ಲದ, ಪಕ್ಕದವರ ಜಮೀನಿನಲ್ಲಿ ಒಪ್ಪಂದದ ಮೇಲೆ ನಡೆಯುವ ದಾರಿಗೆ ಪಂಚಾಯಿತಿ ಸುಮ್ನೆ ದುಡ್ಡು ಹಾಕಲು ಬರುವುದಿಲ್ಲ. ದಾರಿ ಯಾವ ಸರ್ವೆ ನಂಬರಿನಲ್ಲಿ ಹಾದು ಹೋಗುತ್ತದೆ ಎಂದು ನೋಡಲು ಸರ್ಕಾರದ ದಿಶಾಂಕ್ ಆ್ಯಪ್ ಸಾಕು.

ಎರಡು, ಖಾಸಗಿ ಬಡಾವಣೆ. ಸೈಟು ಮಾರಿದವರು ಅಲ್ಲಿನ ರಸ್ತೆ, ಪಾರ್ಕು ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಬರಹದಲ್ಲಿ ಹಸ್ತಾಂತರ ಮಾಡಿರಬೇಕು. ಮಾಡದಿದ್ದರೆ "ಅದು ನಮ್ಮ ರಸ್ತೆಯೇ ಅಲ್ಲ" ಎಂಬ ಉತ್ತರ ಬರುತ್ತದೆ. ಅದು ನೆಪ ಅಲ್ಲ, ನಿಜವಾದ ತೊಡಕು. ಹಾಗಾಗಿ ರಿಪೇರಿಗೆ ಮೊದಲು ಹಸ್ತಾಂತರಕ್ಕೆ ಒತ್ತಾಯಿಸಿ. ಸೈಟು ಕೊಳ್ಳುವ ಮುಂಚೆಯೇ ಈ ಕಾಗದ ನೋಡಿದರೆ ಇನ್ನೂ ಒಳ್ಳೆಯದು.

ಹಂತ 2: ರಸ್ತೆಗೆ ವಯಸ್ಸೆಷ್ಟು ನೋಡಿ

ಹೊಸದಾಗಿ ಮಾಡಿದ ರಸ್ತೆ ಒಂದೆರಡು ವರ್ಷದಲ್ಲೇ ಕಿತ್ತುಬಂದರೆ ಪಂಚಾಯಿತಿಯ ದುಡ್ಡು ಕೇಳಬೇಡಿ. ಗುತ್ತಿಗೆದಾರರೇ ಸರಿ ಮಾಡಿಕೊಡಬೇಕು. ಪ್ರತಿ ಕಾಮಗಾರಿಯ ಕರಾರಿನಲ್ಲೂ ದೋಷ ಹೊಣೆಗಾರಿಕೆ ಅವಧಿ ಎಂದು ಇರುತ್ತದೆ. ಆ ಅವಧಿಯಲ್ಲಿ ಕಾಣಿಸಿಕೊಂಡ ದೋಷಗಳನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಅದಕ್ಕೆ ಜಾಮೀನಾಗಿ ಅವರ ಹಣದ ಒಂದು ಭಾಗವನ್ನು ಇಲಾಖೆ ಇಟ್ಟುಕೊಂಡಿರುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮಾಡಿದ ರಸ್ತೆಗಳಿಗೆ ಇದು ಇನ್ನೂ ಸ್ಪಷ್ಟ. 2000ನೇ ಇಸವಿಯ ಡಿಸೆಂಬರ್ 25ರಂದು ಶುರುವಾದ ಈ ಯೋಜನೆಯಲ್ಲಿ ರಸ್ತೆ ಮುಗಿದ ಮೇಲೆ 5 ವರ್ಷದ ನಿರ್ವಹಣೆಯೂ ಅದೇ ಗುತ್ತಿಗೆದಾರರ ಕರಾರಿನಲ್ಲಿ ಸೇರಿರುತ್ತದೆ. ಈ ನಿರ್ವಹಣೆಗೆ ಹಣ ಕೊಡಬೇಕಾದದ್ದು ರಾಜ್ಯ ಸರ್ಕಾರ. ರಸ್ತೆಯ ಬದಿ ನಿಂತಿರುವ ಬೋರ್ಡನ್ನು ನಿಂತು ಓದಿ. ಕಾಮಗಾರಿ ಮುಗಿದ ದಿನ, ಗುತ್ತಿಗೆದಾರರ ಹೆಸರು, ನಿರ್ವಹಣೆಯ ಮೊತ್ತ ಎಲ್ಲ ಅಲ್ಲೇ ಇರುತ್ತದೆ. ಅದರ ಫೋಟೊ ತೆಗೆದು ಅರ್ಜಿಗೆ ಹಚ್ಚಿ. ಈ ರಸ್ತೆಗಳ ದೂರಿಗೆಂದೇ "ಮೇರಿ ಸಡಕ್" ಆ್ಯಪ್ ಇದೆ. ಬೋರ್ಡಿನ ಮೇಲೆ ಸಿನಿಮಾ ಪೋಸ್ಟರ್ ಅಂಟಿಸಿದ್ದರೆ ಊರಿನ ಹುಡುಗರಿಗೆ ಹೇಳಿ ತೆಗೆಸಿ. ಅದು ನಿಮ್ಮ ಸಾಕ್ಷಿ.

ಇನ್ನೊಂದು ಬಗೆಯ ಹಾನಿಯನ್ನು ಬೇರೆಯಾಗಿ ನೋಡಬೇಕು. ಈಚಿನ ವರ್ಷಗಳಲ್ಲಿ ಜಲ ಜೀವನ್ ಮಿಷನ್ ನಲ್ಲಿ ಪೈಪಿಗಾಗಿ ಊರೂರಲ್ಲಿ ಸಿಸಿ ರಸ್ತೆ ಕತ್ತರಿಸಿದ್ದಾರೆ. ಸಿಸಿ ಎಂದರೆ ಕಾಂಕ್ರೀಟ್ ರಸ್ತೆ. ಕತ್ತರಿಸಿದ ಜಾಗಕ್ಕೆ ಮಣ್ಣು ತುಂಬಿ ಹೋಗಿರುತ್ತಾರೆ, ಒಂದು ಮಳೆಗೆ ಅದು ಕುಸಿದು ಉದ್ದಕ್ಕೂ ಕಾಲುವೆ ಆಗುತ್ತದೆ. ಬೈಕಿನ ಚಕ್ರ ಒಮ್ಮೆ ಆ ಸಂದಿಗೆ ಇಳಿದರೆ ಹ್ಯಾಂಡಲ್ ತಿರುಗುವುದಿಲ್ಲ. ವಯಸ್ಸಾದವರು ರಾತ್ರಿ ಅಲ್ಲೇ ಮುಗ್ಗರಿಸುತ್ತಾರೆ. ಅಗೆದದ್ದನ್ನು ಮೊದಲಿನ ಹಾಗೆ ಮಾಡಿಕೊಡುವ ಖರ್ಚು ಸಾಮಾನ್ಯವಾಗಿ ಆ ನೀರಿನ ಕಾಮಗಾರಿಯ ಅಂದಾಜು ಪಟ್ಟಿಯಲ್ಲೇ ಸೇರಿರುತ್ತದೆ. ಆ ಪಟ್ಟಿಯ ನಕಲು ಕೇಳಿ. ಕಾಮಗಾರಿ ಮುಗಿದ ಮೇಲೆ ಅದನ್ನು ಗ್ರಾಮ ಪಂಚಾಯಿತಿಗೆ ಹಸ್ತಾಂತರ ಮಾಡುತ್ತಾರೆ. ರಸ್ತೆ ಸರಿಯಾಗುವ ಮುಂಚೆ ಪಂಚಾಯಿತಿ ಹಸ್ತಾಂತರ ಪತ್ರಕ್ಕೆ ಸಹಿ ಹಾಕಬಾರದು. ಹಾಕಿಬಿಟ್ಟರೆ ಆ ಖರ್ಚು ಊರಿನ ತಲೆ ಮೇಲೆ ಬರುತ್ತದೆ. ನಿಮ್ಮ ವಾರ್ಡಿನ ಸದಸ್ಯರಿಗೆ ಇದನ್ನು ಇವತ್ತೇ ಹೇಳಿ.

ಹಂತ 3: ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

"ಅನುದಾನ ಬಂದಿಲ್ಲ" ಎಂಬ ಉತ್ತರಕ್ಕೆ ಬಹಳ ಜನ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಗ್ರಾಮ ಪಂಚಾಯಿತಿಗೆ ದುಡ್ಡಿನ ದಾರಿ ಒಂದೇ ಅಲ್ಲ.

ಮೊದಲನೆಯದು ಸ್ವಂತ ಸಂಪನ್ಮೂಲ. ಮನೆಗಂದಾಯ, ಮಳಿಗೆ ಬಾಡಿಗೆ, ಲೈಸೆನ್ಸ್ ಶುಲ್ಕ ಮುಂತಾದವು. ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣದಡಿ ತೆರಿಗೆ ಹಾಕುವ ಅಧಿಕಾರ ಪಂಚಾಯಿತಿಗೇ ಇದೆ. ಸಣ್ಣ ರಿಪೇರಿಗೆ ಹೇಳಿಮಾಡಿಸಿದ ದುಡ್ಡು ಇದು, ಏಕೆಂದರೆ ಮೇಲಿನವರ ಷರತ್ತು ಕಡಿಮೆ. ಸ್ವಂತ ಸಂಪನ್ಮೂಲದ ಶೇ 25 ಭಾಗ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗಾಗಿ ಖರ್ಚಾಗಬೇಕು. ನಿಮ್ಮದು ಪರಿಶಿಷ್ಟರ ಕಾಲೊನಿಯಾದರೆ ಈ ಭಾಗ ಎಲ್ಲಿ ಹೋಯಿತು ಎಂದು ಬೇರೆಯಾಗಿಯೇ ಕೇಳಿ.

ಎರಡನೆಯದು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಇದರ ಶೇ 60 ಭಾಗ ನಿರ್ಬಂಧಿತ. ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ ಬಳಸಬೇಕು. ಉಳಿದ ಶೇ 40 ಅನಿರ್ಬಂಧಿತ. ಸಂಬಳ, ಕಚೇರಿ ಖರ್ಚು ಬಿಟ್ಟು 29 ವಿಷಯಗಳಲ್ಲಿ ಊರಿಗೆ ಬೇಕಾದದ್ದಕ್ಕೆ ಬಳಸಬಹುದು. ರಸ್ತೆಯೂ ಅದರಲ್ಲಿ ಬಂತು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಬಳಿ "ಈ ವರ್ಷದ ಅನಿರ್ಬಂಧಿತ ಭಾಗ ಎಷ್ಟು, ಯಾವುದಕ್ಕೆ ಇಟ್ಟಿದ್ದೀರಿ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಮಾತಿನ ಧಾಟಿಯೇ ಬದಲಾಗುತ್ತದೆ.

ಮೂರನೆಯದು ರಾಜ್ಯದ ಬಜೆಟ್. ಊರಿಂದ ಊರಿಗೆ ಹೋಗುವ ರಸ್ತೆಗಳಿಗೆ ಇದು ಮುಖ್ಯ. ಎಂಜಿನಿಯರುಗಳ ಬಾಯಲ್ಲಿ "ಮೂವತ್ತು ಐವತ್ತನಾಲ್ಕು", "ಐವತ್ತು ಐವತ್ತನಾಲ್ಕು" ಎಂದು ಕೇಳಿರಬಹುದು. ಇವು ಲೆಕ್ಕ ಶೀರ್ಷಿಕೆಗಳು, ಖರ್ಚನ್ನು ಬರೆಯುವ ಖಾನೆಗಳು. 3054 ರಸ್ತೆ ಮತ್ತು ಸೇತುವೆಗಳ ನಿರ್ವಹಣೆಯಂಥ ಖರ್ಚಿಗೆ, 5054 ಹೊಸ ರಸ್ತೆ, ಅಗಲೀಕರಣದಂಥ ಬಂಡವಾಳ ಕೆಲಸಕ್ಕೆ. ಹೊಸ ರಸ್ತೆಗೆ ಪೂಜೆ ನಡೆಯುತ್ತದೆ, ಫೋಟೊ ಬರುತ್ತದೆ. ಗುಂಡಿ ಮುಚ್ಚುವುದಕ್ಕೆ ಯಾರೂ ತೆಂಗಿನಕಾಯಿ ಒಡೆಯುವುದಿಲ್ಲ. ಅದಕ್ಕೇ ನಿರ್ವಹಣೆ ಹಿಂದೆ ಬೀಳುತ್ತದೆ, ಸಣ್ಣ ಗುಂಡಿ ಎರಡೇ ವರ್ಷದಲ್ಲಿ ಇಡೀ ರಸ್ತೆಯನ್ನು ತಿನ್ನುತ್ತದೆ. ನೀವು ಅರ್ಜಿಯಲ್ಲಿ "ಹೊಸ ರಸ್ತೆ ಮಾಡಿಕೊಡಿ" ಎಂದು ಬರೆದರೆ ಅದು ದೊಡ್ಡ ಮೊತ್ತದ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. "ನಿರ್ವಹಣೆ ಲೆಕ್ಕದಲ್ಲಿ ದುರಸ್ತಿ ಮಾಡಿ" ಎಂದು ಬರೆದರೆ ಬೇಗ ಆಗುವ ಸಾಧ್ಯತೆ ಇದೆ. ಡಾಂಬರು ಪೂರ್ತಿ ಎದ್ದುಹೋಗದಿದ್ದರೆ ದುರಸ್ತಿಯನ್ನೇ ಕೇಳಿ.

ಶಾಸಕರ ನಿಧಿ, ಸಂಸದರ ನಿಧಿಯ ಹಿಂದೆ ಮೊದಲೇ ಓಡಬೇಡಿ. ಅವು ಮುಖ್ಯವಾಗಿ ಹೊಸ ಆಸ್ತಿ ಮಾಡಲು ಇರುವ ದುಡ್ಡು. ವರ್ಷವರ್ಷದ ನಿರ್ವಹಣೆಯ ಹೊಣೆ ಸ್ಥಳೀಯ ಸಂಸ್ಥೆಯದ್ದೇ.

ಹಂತ 4: ಖರ್ಚಿನ ಲೆಕ್ಕ ನೋಡಿ

ಕೇಂದ್ರದ ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸಿದರೆ ನಿಮ್ಮ ಪಂಚಾಯಿತಿಯ ವಾರ್ಷಿಕ ಯೋಜನೆ ಮತ್ತು ಖರ್ಚು ಕಾಣುತ್ತದೆ. ನಮ್ಮ ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯ "ಗಾಂಧಿ ಸಾಕ್ಷಿ ಕಾಯಕ" ತಂತ್ರಾಂಶದಲ್ಲಿ ಕಾಮಗಾರಿವಾರು ಪ್ರಗತಿ, ಬಿಲ್ಲು ಪಾವತಿ ದಾಖಲಾಗುತ್ತದೆ. ನಿಮ್ಮ ಬೀದಿಯ ಹೆಸರಿನಲ್ಲಿ ಈಗಾಗಲೇ ದುರಸ್ತಿ ಬಿಲ್ಲು ಆಗಿದೆಯೇ ಎಂದು ಮೊದಲು ನೋಡಿ. ಆಗಿದ್ದು, ಬೀದಿ ಹಾಗೇ ಇದ್ದರೆ ನಿಮ್ಮ ಅರ್ಜಿ ರಿಪೇರಿ ಕೇಳುವ ಅರ್ಜಿ ಅಲ್ಲ, ದೂರು.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ-ಖರ್ಚನ್ನು ಜನರ ಮುಂದೆ ಓದಿ, ಕಾಮಗಾರಿಗಳನ್ನು ನೋಡಿ ಬರುವ ಸಭೆ. ಹೋಗುವವರು ಬಹಳ ಕಡಿಮೆ. ನೀವು ಹೋಗಿ.

ಹಂತ 5: ಕ್ರಿಯಾ ಯೋಜನೆಯಲ್ಲಿ ಹೆಸರು ಸೇರಿಸಿ

ಕ್ರಿಯಾ ಯೋಜನೆ ಎಂದರೆ ಮುಂದಿನ ಆರ್ಥಿಕ ವರ್ಷದಲ್ಲಿ ಯಾವ ಕೆಲಸಕ್ಕೆ ಎಷ್ಟು ದುಡ್ಡು ಎಂಬ ಪಟ್ಟಿ. ಅದರಲ್ಲಿ ನಿಮ್ಮ ರಸ್ತೆ ಇಲ್ಲದಿದ್ದರೆ ಪಿಡಿಒಗೆ ಮನಸ್ಸಿದ್ದರೂ ಕೈ ಕಟ್ಟಿದಂತೆ. ಪಟ್ಟಿ ಕೆಳಗಿನಿಂದ ಬರುತ್ತದೆ: ಮೊದಲು ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ದೇಶದಾದ್ಯಂತ ಈ ಯೋಜನಾ ಅಭಿಯಾನ ಪ್ರತಿ ವರ್ಷ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಅಂದರೆ ಮುಂದಿನ ಬೇಸಿಗೆಯಲ್ಲಿ ರಸ್ತೆ ಆಗಬೇಕಾದರೆ ದಸರಾ-ದೀಪಾವಳಿ ಹೊತ್ತಿಗೇ ನೀವು ಸಭೆಯಲ್ಲಿ ಇರಬೇಕು. ಮಳೆಗಾಲದಲ್ಲಿ ಕೂಗಾಡಿ, ಅಕ್ಟೋಬರಿನಲ್ಲಿ ಮರೆತುಬಿಡುವುದೇ ದೊಡ್ಡ ತಪ್ಪು.

ಸಭೆಗೆ ಒಬ್ಬರೇ ಹೋಗಬೇಡಿ, ಬೀದಿಯವರೆಲ್ಲ ಹೋಗಿ. ಹೆಂಗಸರು ಬಂದರೆ ಮಾತಿಗೆ ತೂಕ ಜಾಸ್ತಿ, ಏಕೆಂದರೆ ಕೊಡ ಹೊತ್ತು, ಮಗು ಎತ್ತಿಕೊಂಡು ಆ ರಸ್ತೆಯಲ್ಲಿ ನಡೆಯುವವರು ಅವರೇ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ನಡಾವಳಿ ಪುಸ್ತಕದಲ್ಲಿ, ಅಂದರೆ ಸಭೆಯ ತೀರ್ಮಾನ ಬರೆಯುವ ಪುಸ್ತಕದಲ್ಲಿ ನಿಮ್ಮ ರಸ್ತೆಯ ಹೆಸರು ಬರೆಯುವವರೆಗೆ ಎದ್ದು ಬರಬೇಡಿ. ಖಾಲಿ ಹಾಳೆಗೆ ಹಾಜರಾತಿ ಸಹಿ ಹಾಕಲೇಬೇಡಿ.

ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೂ ಪಂಚಾಯಿತಿಯ ಕಡ್ಡಾಯ ಕೆಲಸ ನಿಲ್ಲುವುದಿಲ್ಲ. "ಸದಸ್ಯರಿಲ್ಲ, ಚುನಾವಣೆ ಆಗಲಿ" ಎಂಬ ಉತ್ತರ ಒಪ್ಪಬೇಡಿ.

ಹಂತ 6: ಅರ್ಜಿ ಬರೆಯಿರಿ

ಒಂದೇ ಪುಟ ಸಾಕು. ಹೀಗೆ ಬರೆಯಬಹುದು:

"ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ... ಗ್ರಾಮ ಪಂಚಾಯಿತಿ. ವಿಷಯ: ... ಗ್ರಾಮದ ... ಬೀದಿಯ ದುರಸ್ತಿ ಬಗ್ಗೆ. ಮಾನ್ಯರೇ, ಮೇಲ್ಕಂಡ ಬೀದಿಯ ... ರಿಂದ ... ವರೆಗೆ ಸುಮಾರು ... ಮೀಟರ್ ಉದ್ದ ಹಾಳಾಗಿದೆ. ಇದು ಪಂಚಾಯಿತಿಯ ಆಸ್ತಿ ವಹಿಯಲ್ಲಿದೆ. ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದಂತೆ ಇದರ ದುರಸ್ತಿ ಪಂಚಾಯಿತಿಯ ಕಡ್ಡಾಯ ಕರ್ತವ್ಯ. ಸ್ವಂತ ಸಂಪನ್ಮೂಲ ಅಥವಾ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನದಲ್ಲಿ ಕೈಗೆತ್ತಿಕೊಳ್ಳಬೇಕು, ಈ ವರ್ಷ ಸಾಧ್ಯವಿಲ್ಲದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ಕೋರುತ್ತೇವೆ. ಫೋಟೊ ಲಗತ್ತಿಸಿದೆ."

"ಲಿಖಿತವಾಗಿ" ಎಂಬ ಮಾತು ಬಿಡಬೇಡಿ. ಮುಂದಿನ ಹಂತಕ್ಕೆ ಆ ಉತ್ತರ, ಅಥವಾ ಉತ್ತರ ಬರಲೇ ಇಲ್ಲ ಎಂಬುದು, ಆಧಾರವಾಗುತ್ತದೆ. ನಕಲಿನ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಹಂತ 7: ಉತ್ತರ ಬರದಿದ್ದರೆ

ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಅರ್ಜಿಯ ನಕಲಿನ ಜೊತೆ ಬರೆಯಿರಿ. ಜೊತೆಗೆ ರಾಜ್ಯದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಫೈಲಿನಲ್ಲಿ ಬರೆದಿಡಿ.

ಜೊತೆಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದು ಗೊತ್ತಿಲ್ಲದೆ ಎಲ್ಲ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ಬರೆದು ತಿರಸ್ಕೃತ ಆದವರು ಬಹಳ ಜನ. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಸಿಗುವುದು ಕಡತದಲ್ಲಿರುವ ದಾಖಲೆ ಮಾತ್ರ. ಕಳೆದ ಎರಡು ವರ್ಷದ ಕ್ರಿಯಾ ಯೋಜನೆಯ ನಕಲು, ಆ ಬೀದಿಯ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಹೀಗೆ ದಾಖಲೆಯ ಹೆಸರು ಹೇಳಿ ಕೇಳಿ. ಅಳತೆ ಪುಸ್ತಕವನ್ನು ಎಂಜಿನಿಯರುಗಳು "ಎಂಬಿ" ಎನ್ನುತ್ತಾರೆ. ಎಷ್ಟು ಉದ್ದ, ಅಗಲ, ದಪ್ಪಕ್ಕೆ ದುಡ್ಡು ಕೊಟ್ಟಿದ್ದಾರೆ ಎಂಬುದು ಅದರಲ್ಲಿ ಇರುತ್ತದೆ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಕೆಲಸ ಮಾಡದೆ ಬಿಲ್ಲು ಎತ್ತಿದ್ದು ಕಂಡರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಅದಕ್ಕೆ ನಿಗದಿತ ನಮೂನೆ, ಪ್ರಮಾಣಪತ್ರ ಬೇಕು. ಆರೋಪ ಸಾಬೀತಾಗುವಂಥ ದಾಖಲೆ ಇಲ್ಲದೆ ಹೋಗಬೇಡಿ. ಹೈಕೋರ್ಟಿಗೆ ರಿಟ್ ಅರ್ಜಿ ಕೊನೆಯ ದಾರಿ. ಅಲ್ಲಿಯೂ ಮೊದಲು ಕೇಳುವುದು, "ಅಧಿಕಾರಿಗಳಿಗೆ ಅರ್ಜಿ ಕೊಟ್ಟಿದ್ದೀರಾ?" ಎಂದೇ. ನಿಮ್ಮ ಫೈಲು ಅಲ್ಲಿ ಮಾತಾಡುತ್ತದೆ.

ಹಂತ 8: ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿ

ಮಂಜೂರಾಯಿತು ಎಂದು ಮನೆಗೆ ಹೋಗಬೇಡಿ. ಗುಂಡಿ ಮುಚ್ಚುವುದಕ್ಕೂ ಒಂದು ಕ್ರಮ ಇದೆ. ಗುಂಡಿಯ ಅಂಚನ್ನು ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು. ಒಳಗಿನ ಮಣ್ಣು, ಧೂಳು, ನೀರು ಪೂರ್ತಿ ತೆಗೆಯಬೇಕು. ತಳಕ್ಕೆ, ಬದಿಗೆ ತೆಳುವಾಗಿ ಟಾರ್ ಬಳಿಯಬೇಕು. ಆಮೇಲೆ ಜಲ್ಲಿ-ಡಾಂಬರು ಮಿಶ್ರಣ ತುಂಬಿ ಒತ್ತಬೇಕು. ನೀರು ನಿಂತ ಗುಂಡಿಗೆ ಬುಟ್ಟಿಯಲ್ಲಿ ಜಲ್ಲಿ ಸುರಿದು, ಮೇಲೆ ಮಣ್ಣು ಎಳೆದು ಹೋದರೆ ಅದು ಮುಂದಿನ ಲಾರಿಗೇ ಎದ್ದು ಬರುತ್ತದೆ. ಮಳೆ ಸುರಿಯುವಾಗ ಡಾಂಬರು ಹಾಕುತ್ತಿದ್ದರೆ ಆಗಲೇ ಫೋಟೊ ತೆಗೆದು ಸಹಾಯಕ ಎಂಜಿನಿಯರಿಗೆ ಕಳಿಸಿ.

ಚರಂಡಿ ಕಟ್ಟಿಕೊಂಡಿದ್ದರೆ ರಸ್ತೆಗೆ ಹಾಕಿದ ದುಡ್ಡು ನೀರಿನ ಪಾಲೇ. ಹಾಗಾಗಿ ಅಂದಾಜು ಪಟ್ಟಿಯಲ್ಲಿ ಚರಂಡಿ ಹೂಳು ತೆಗೆಯುವುದು, ಮೋರಿ ಸ್ವಚ್ಛ ಮಾಡುವುದು ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಲು ಕೇಳಿ. ನಡುವೆ ಸ್ವಲ್ಪ ಎತ್ತರ, ಎರಡು ಬದಿಗೆ ಇಳಿಜಾರು ಇರಬೇಕು. ಸಿಸಿ ರಸ್ತೆಯಾದರೆ ಹಾಕಿದ ಮಾರನೇ ದಿನದಿಂದ ನೀರು ಕಟ್ಟಿ ಕ್ಯೂರಿಂಗ್ ಮಾಡುತ್ತಾರೆಯೇ ಗಮನಿಸಿ, ಗೋಣಿಚೀಲ ಹಾಸಿ ನೀರು ಹಾಕಿದರೂ ಆಯ್ತು. ಅದು ತಪ್ಪಿದರೆ ಮೇಲ್ಪದರ ಬೇಗ ಪುಡಿಯಾಗಿ ಏಳುತ್ತದೆ.

ಕೆಲಸ ಮುಗಿದ ಮೇಲೆ ಕಾಮಗಾರಿಯ ಹೆಸರು, ಮೊತ್ತ, ಮುಗಿದ ದಿನ ಇರುವ ಫಲಕ ಹಾಕಿಸಿ. ದೋಷ ಹೊಣೆಗಾರಿಕೆ ಅವಧಿ ಯಾವತ್ತಿಗೆ ಮುಗಿಯುತ್ತದೆ ಎಂದು ಎಂಜಿನಿಯರಿಂದ ತಿಳಿದುಕೊಂಡು ಫೈಲಿನ ಮೇಲೆಯೇ ಬರೆದಿಡಿ. ಆ ದಿನಕ್ಕೆ ಎರಡು ತಿಂಗಳು ಮೊದಲು ಬೀದಿಯ ಉದ್ದಕ್ಕೂ ನಡೆದು ನೋಡಿ. ಬಿರುಕು, ತಗ್ಗು ಕಂಡರೆ ಆಗಲೇ ಅರ್ಜಿ ಕೊಡಿ. ಗುತ್ತಿಗೆದಾರರ ಠೇವಣಿ ಆಗ ಇನ್ನೂ ಕಚೇರಿಯಲ್ಲೇ ಇರುತ್ತದೆ.